ಓದುಗರ ಪ್ರಶ್ನೆ: ಎರಡು ಪಿಕಪ್ ಸೇರಿದರೂ ಗಿಟಾರಿನ ದನಿ ತೆಳುವಾಗುವುದೇಕೆ?

ಪ್ರಶ್ನೆ: ಜಾತ್ರೆ, ಮದುವೆಗಳಲ್ಲಿ ಕಾರ್ಯಕ್ರಮ ಕೊಡುವ ಆರ್ಕೆಸ್ಟ್ರಾ ತಂಡವೊಂದರಲ್ಲಿ ಗಿಟಾರ್ ನುಡಿಸುತ್ತೇನೆ. ನನ್ನ ಎಲೆಕ್ಟ್ರಿಕ್ ಗಿಟಾರಿನಲ್ಲಿ ಕತ್ತಿನ ಬಳಿ ಒಂದು, ತಂತಿಗಳ ಬುಡ ಕೂರುವ ಬ್ರಿಜ್ ಬಳಿ ಒಂದು ಪಿಕಪ್ ಇದ್ದು, ಎರಡನ್ನೂ ಬೆರೆಸಲು ಒಂದು ಬ್ಲೆಂಡ್ ನಾಬ್ ಇದೆ. ಕತ್ತಿನ ಬಳಿಯ ಪಿಕಪ್ ಕೆಟ್ಟಿದ್ದರಿಂದ ಬೇರೆಯದನ್ನು ಹಾಕಿಸಿದೆ. ಈಗ ಒಂದೊಂದೇ ಚೆನ್ನಾಗಿ ನುಡಿಯುತ್ತವೆ, ನಾಬನ್ನು ನಡುವೆ ತಂದರೆ ಮಾತ್ರ ದನಿ ಸೊರಗುತ್ತದೆ. ಎರಡು ಸೇರಿದರೆ ದನಿ ತುಂಬಿಕೊಳ್ಳಬೇಕಲ್ಲವೆ?
– ಓದುಗರೊಬ್ಬರು, ಗಂಗಾವತಿ

ಉತ್ತರ: ತುಂಬಿಕೊಳ್ಳಲೇಬೇಕೆಂಬ ನಿಯಮವಿಲ್ಲ. ನಿಮ್ಮೂರಿನ ಯಾವುದೇ ಭಜನಾ ಮಂಡಳಿಯ ಹಾರ್ಮೋನಿಯಂನಲ್ಲಿ ಬಾಸ್ ಮತ್ತು ಮೇಲ್ ರೀಡುಗಳೆರಡನ್ನೂ ತೆರೆದರೆ ದನಿ ದಪ್ಪವಾಗುವುದು ನಿಜ. ಆದರೆ ಅಲ್ಲಿ ಮಿಡಿಯುವ ರೀಡುಗಳೇ ಎರಡು. ಗಿಟಾರಿನಲ್ಲಿ ಮಿಡಿಯುವುದು ಒಂದೇ ತಂತಿ. ಪಿಕಪ್‌ಗಳು ಅದೇ ತಂತಿಯನ್ನು ಎರಡು ಜಾಗಗಳಲ್ಲಿ ನಿಂತು ಆಲಿಸುತ್ತವೆ, ಮತ್ತು ಒಂದು ಕೇಳಿದ್ದು ಇನ್ನೊಂದು ಕೇಳಿದ್ದಕ್ಕೆ ತದ್ವಿರುದ್ಧವಾಗಿರುವುದುಂಟು.

ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಸುಮಾರು 0.06 ಮಿಲಿಮೀಟರ್ ದಪ್ಪದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ. ಮೇಲಿರುವ ಉಕ್ಕಿನ ತಂತಿ ಮಿಡಿದಾಗ ಅಯಸ್ಕಾಂತ ಕ್ಷೇತ್ರ ಕದಲುತ್ತದೆ, ಸುರುಳಿಯಲ್ಲಿ ಅಷ್ಟಷ್ಟೇ ವಿದ್ಯುತ್ ಹುಟ್ಟುತ್ತದೆ. ತಂತಿಯು ಇಡಿಯಾಗಿ ಮಿಡಿಯುವುದರ ಜೊತೆಗೆ ಎರಡು, ಮೂರು, ನಾಲ್ಕು ಸಮಭಾಗಗಳಾಗಿಯೂ ಏಕಕಾಲಕ್ಕೆ ಮಿಡಿಯುತ್ತದೆ. ಉಪಸ್ವರಗಳು ಹುಟ್ಟುವುದು ಹೀಗೆ. ಬಾಗಿಲ ಚಿಲಕಕ್ಕೆ ಹಗ್ಗ ಕಟ್ಟಿ ಮಕ್ಕಳು ಬೀಸುವಾಗ ನಡುನಡುವೆ ಕೆಲವು ಬಿಂದುಗಳು ಅಲುಗಾಡದೆ ನಿಲ್ಲುವುದನ್ನೂ, ಅವುಗಳ ಆಚೆ ಈಚೆಯ ಭಾಗಗಳು ಒಂದು ಮೇಲೇರಿದಾಗ ಇನ್ನೊಂದು ಕೆಳಗಿಳಿಯುವುದನ್ನೂ ನೀವು ನೋಡಿರುತ್ತೀರಿ. ಗಿಟಾರಿನ ತಂತಿಯ ಮೇಲೂ ಇದೇ ಆಟ ನಡೆಯುತ್ತಿರುತ್ತದೆ.

ಲೆಕ್ಕ ಹಾಕಿಯೇ ನೋಡೋಣ. ತಂತಿಯ ಉದ್ದ 648 ಮಿಲಿಮೀಟರ್ ಎಂದುಕೊಳ್ಳಿ. ಕತ್ತಿನ ಪಿಕಪ್ ಬ್ರಿಜ್‌ನಿಂದ 162 ಮಿಲಿಮೀಟರ್ ದೂರದಲ್ಲಿದ್ದರೆ ಅದು ಸರಿಯಾಗಿ ಕಾಲು ಭಾಗದಲ್ಲಿ ನಿಂತಂತಾಯಿತು; ತೆರೆದ ತಂತಿಯ ನಾಲ್ಕನೆಯ ಉಪಸ್ವರ (ನಾಲ್ಕು ಭಾಗಗಳಾಗಿ ಮಿಡಿಯುವುದು) ಅಲ್ಲಿ ಅಲುಗುವುದೇ ಇಲ್ಲ, ಹಾಗಾಗಿ ಆ ಪಿಕಪ್‌ಗೆ ಅದು ಕೇಳಿಸುವುದೂ ಇಲ್ಲ. ಐದು, ಆರು, ಏಳನೆಯ ಉಪಸ್ವರಗಳು ಅಲ್ಲಿ ಕೆಳಗಿಳಿಯುವ ಹೊತ್ತಿಗೆ, ಬ್ರಿಜ್‌ನಿಂದ 40 ಮಿಲಿಮೀಟರ್ ದೂರದ ಪಿಕಪ್‌ನ ಮೇಲೆ ಅವೇ ಮೇಲೇರುತ್ತಿರುತ್ತವೆ. ಎರಡನ್ನೂ ಸಮನಾಗಿ ಬೆರೆಸಿದರೆ ಐದು ಮತ್ತು ಆರನೆಯವು ಹೆಚ್ಚುಕಡಿಮೆ ಅಳಿಸಿಯೇ ಹೋಗುತ್ತವೆ, ಏಳನೆಯದು ಕುಗ್ಗುತ್ತದೆ; ಮೊದಲ ಮೂರು ಮಾತ್ರ ಒಂದನ್ನೊಂದು ಬೆಂಬಲಿಸುತ್ತವೆ. 110 ಹರ್ಟ್ಸ್‌ನ ಎ ತಂತಿಯಲ್ಲಿ ಹೀಗೆ ತೆರವಾಗುವುದು 550ರಿಂದ 770 ಹರ್ಟ್ಸ್‌ವರೆಗಿನ ಜಾಗ. ನಡುವಿನ ದನಿಯ ಟೊಳ್ಳುತನಕ್ಕೂ ಸೊಗಸಿಗೂ ಈ ಕಳೆಯುವಿಕೆಯೇ ಕಾರಣ. ಗಿಟಾರಿನ ಕತ್ತಿನ ಮೇಲಿನ ಮನೆಯನ್ನು (ಫ್ರೆಟ್) ಒತ್ತಿದಾಗ ತಂತಿಯ ಉದ್ದ ಬದಲಾಗುವುದರಿಂದ ತೆರವಾಗುವ ಜಾಗವೂ ಸರಿಯುತ್ತದೆ. ಈ ದನಿಗೆ ಮನಸೋತವರು ಬಹಳ: 1954ರಲ್ಲಿ ಬಂದ ಫೆಂಡರ್ ಸ್ಟ್ರಾಟೊಕ್ಯಾಸ್ಟರ್‌ನಲ್ಲಿ ಮೂರು ಪಿಕಪ್‌ಗೆ ಮೂರೇ ನಿಲುಗಡೆಯ ಸ್ವಿಚ್ ಇತ್ತು, ವಾದಕರು ಅದನ್ನು ಎರಡು ನಿಲುಗಡೆಗಳ ನಡುವೆ ಸಿಕ್ಕಿಸಿ ಜೋಡಿ ಪಿಕಪ್‌ಗಳನ್ನು ನುಡಿಸುತ್ತಿದ್ದರು, ಕಂಪನಿ ಐದು ನಿಲುಗಡೆಯ ಸ್ವಿಚ್ ಕೊಡುವ ಹೊತ್ತಿಗೆ 1977 ಬಂದಿತ್ತು.

ಆದರೆ ನಿಮ್ಮದು ಈ ಸೊಗಸಿನ ಟೊಳ್ಳಲ್ಲ ಎಂದು ನನ್ನ ಅನುಮಾನ. ಹೊಸ ಪಿಕಪ್‌ನ ಎರಡು ವೈರುಗಳು ಅದಲುಬದಲಾಗಿದ್ದರೆ, ಅಥವಾ ಅದರ ಸುತ್ತು ಹಳೆಯದಕ್ಕೆ ಹೊಂದದಿದ್ದರೆ, ಸೇರಬೇಕಾದ ಕೆಳಗಿನ ಸ್ವರಗಳೇ ಒಂದನ್ನೊಂದು ಹೊಡೆದುಹಾಕುತ್ತವೆ, ಮೂಗಿನಲ್ಲಿ ಮಾತಾಡಿದಂಥ ದನಿಯಷ್ಟೇ ಉಳಿಯುತ್ತದೆ. ಪರೀಕ್ಷೆ ಸುಲಭ. ಗಿಟಾರಿಗೆ ಸಿಕ್ಕಿಸಿದ ಕೇಬಲ್ಲಿನ ಇನ್ನೊಂದು ತುದಿಗೆ ಮಲ್ಟಿಮೀಟರ್ ಹಚ್ಚಿ, ಓಮ್ ಅಳತೆಯಲ್ಲಿಟ್ಟು, ನಾಬನ್ನು ಒಂದು ಪಿಕಪ್‌ನ ತುದಿಗೆ ತಿರುಗಿಸಿ. ಆ ಪಿಕಪ್‌ನ ಮೇಲೆ ಉಕ್ಕಿನ ಸ್ಕ್ರೂಡ್ರೈವರನ್ನು ತಾಗಿಸಿ ಫಕ್ಕನೆ ಮೇಲಕ್ಕೆಳೆದರೆ ಅಂಕಿ ಕ್ಷಣಕಾಲ ಏರುತ್ತದೆ ಅಥವಾ ಇಳಿಯುತ್ತದೆ. ಇನ್ನೊಂದಕ್ಕೂ ಹಾಗೆಯೇ ಮಾಡಿ. ಒಂದು ಏರಿ ಇನ್ನೊಂದು ಇಳಿದರೆ ರೋಗ ಸಿಕ್ಕಿತೆಂದೇ ಲೆಕ್ಕ. ಹೊಸ ಪಿಕಪ್‌ನ ವೈರುಗಳನ್ನು ಅದಲುಬದಲು ಮಾಡಿ ಬೆಸುಗೆ ಹಾಕಿಸಿ. ಅದಕ್ಕೆ ಲೋಹದ ಮುಚ್ಚಳವಿದ್ದು ಅದು ಅರ್ತ್ ವೈರಿಗೇ ಜೋಡಿಸಿದ್ದರೆ ಮಾತ್ರ ಮೊದಲು ಆ ಜೋಡಣೆಯನ್ನು ಬೇರ್ಪಡಿಸಬೇಕು, ಇಲ್ಲದಿದ್ದರೆ ಮುಚ್ಚಳಕ್ಕೆ ಕೈ ತಾಗಿದಾಗಲೆಲ್ಲ ಗುಂಯ್ ಎನ್ನುತ್ತದೆ. ಬಳ್ಳಾರಿಯ ನನ್ನ ಮೇಜಿನ ಮೇಲೆ ಈ ತಪ್ಪನ್ನು ನಾನೇ ಮಾಡಿ, ಅದೇ ಗಿಟಾರನ್ನು ಎರಡನೆಯ ಸಲ ಬಿಚ್ಚಿದ್ದೇನೆ.

ಪ್ರಶ್ನೆ: ಸೀರಿಯಲ್ ಲೈಟುಗಳ ಪೆಂಡಾಲಿನಲ್ಲಿ ನನ್ನ ಗಿಟಾರ್ ಗುಂಯ್‌ಗುಡುತ್ತದೆ; ಎರಡು ಪಿಕಪ್ ಸೇರಿಸಿದಾಗ ಮಾತ್ರ ತಣ್ಣಗಾಗುತ್ತದೆ. ಏಕೆ?
– ಓದುಗರೊಬ್ಬರು, ರಾಯಚೂರು

ಉತ್ತರ: ನಿಮ್ಮ ಪಿಕಪ್‌ಗಳಲ್ಲಿ ಒಂದರ ಸುತ್ತು ಮತ್ತು ಅಯಸ್ಕಾಂತ ಎರಡೂ ಇನ್ನೊಂದಕ್ಕೆ ವಿರುದ್ಧವಾಗಿರಬೇಕು. ತಂತಿಯ ಸಂಕೇತ ಎರಡು ಸಲ ತಿರುಗಿ ನೆಟ್ಟಗಾಗುತ್ತದೆ. 50 ಹರ್ಟ್ಸ್ ವಿದ್ಯುತ್ತಿನ ಗುಂಯ್‌ಗೆ ಅಯಸ್ಕಾಂತದ ಹಂಗಿಲ್ಲವಾದ್ದರಿಂದ ಅದು ಒಂದೇ ಸಲ ತಿರುಗಿ ಅಳಿಸಿಹೋಗುತ್ತದೆ. ಬ್ಲೆಂಡ್ ನಾಬ್ ಇದ್ದರೆ ಈ ಲಾಭ ನಟ್ಟನಡುವೆ ಮಾತ್ರ. ತುಸು ಸರಿಸಿದರೂ ಗುಂಯ್ ಮರಳಿ ಇಣುಕುತ್ತದೆ.

ಪ್ರಶ್ನೆ: ಬ್ರಿಜ್ ಕೆಳಗೆ ಪೀಜೋ ಪಿಕಪ್ ಕೂರಿಸಿ, ಹಳೆಯ ವಾಲ್ಯೂಮ್ ನಾಬಿಗೇ ನೇರವಾಗಿ ಬೆಸೆದೆ. ತಗಡು ಬಡಿದಂತೆ ಕೇಳುತ್ತದೆ.
– ಓದುಗರೊಬ್ಬರು, ಸಿರುಗುಪ್ಪ

ಉತ್ತರ: ಪೀಜೋದಲ್ಲಿ ಅಯಸ್ಕಾಂತವಿಲ್ಲ, ಒತ್ತಿದರೆ ವಿದ್ಯುತ್ ಹೊಮ್ಮಿಸುವ ಹರಳು ಅದು. 1880ರಲ್ಲಿ ಕ್ಯೂರಿ ಸಹೋದರರು ಕಂಡುಕೊಂಡ ಈ ಗುಣದಿಂದಲೇ ಅಡುಗೆಮನೆಯ ಗ್ಯಾಸ್ ಲೈಟರ್ ಕಿಡಿ ಹಾರಿಸುತ್ತದೆ. ಹರಳಿನ ಧಾರಕತೆ (ವಿದ್ಯುತ್ ಹಿಡಿದಿಡುವ ಶಕ್ತಿ) 500 ಪಿಕೋಫ್ಯಾರಡ್ ಇದ್ದು ನಿಮ್ಮ ನಾಬ್ 250 ಕಿಲೋಓಮ್‌ನದ್ದಾದರೆ, ಸುಮಾರು 1,270 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳೆಲ್ಲ ಇಳಿಯುತ್ತ ಸೋರಿಹೋಗುತ್ತವೆ. ಅದೇ ಹರಳನ್ನು 10 ಮೆಗಾಓಮ್‌ನ ಪ್ರಿಆಂಪ್‌ಗೆ (ಸಂಕೇತವನ್ನು ಹಿಗ್ಗಿಸುವ ಪುಟ್ಟ ಸಾಧನಕ್ಕೆ) ಕೊಟ್ಟರೆ ಆ ಗಡಿ 32 ಹರ್ಟ್ಸ್‌ಗೆ ಇಳಿಯುತ್ತದೆ, ಗಿಟಾರಿನ ಅತಿ ದಪ್ಪ ತಂತಿಯ 82 ಹರ್ಟ್ಸ್ ಕೂಡ ಉಳಿಯುತ್ತದೆ. ಆದ್ದರಿಂದ ಮೊದಲು ಪ್ರಿಆಂಪ್, ಅದರ ಆಚೆಗೆ ಬೆರಕೆ. ಪ್ರಿಆಂಪ್‌ಗೆ 9 ವೋಲ್ಟ್ ಬ್ಯಾಟರಿ ಬೇಕು. ಸಾಮಾನ್ಯವಾಗಿ ಕೇಬಲ್ ಸಿಕ್ಕಿಸಿದ ಕೂಡಲೇ ಅದು ಚಾಲೂ ಆಗುವುದರಿಂದ, ಕಾರ್ಯಕ್ರಮ ಮುಗಿದ ಮೇಲೆ ಕೇಬಲ್ ಕಿತ್ತಿಡಿ.