ಪ್ರತಿಕ್ರಿಯೆ: ಹೋಂಡಾ ಎಸ್2000, 250 ಪಿಎಸ್ಸೋ 240 ಪಿಎಸ್ಸೋ?

ನ್ಯೂಜಿಲೆಂಡಿನಲ್ಲಿ ನಿಮ್ಮ ತಮ್ಮ ನೋಡಿದ ಹೋಂಡಾ ಎಸ್2000 ಸ್ಪೋರ್ಟ್ಸ್ ಕಾರಿಗೆ ಒಂದು ಕಡೆ 250, ಇನ್ನೊಂದು ಕಡೆ 240 ಪಿಎಸ್ (ಎಂಜಿನ್ ಶಕ್ತಿಯ ಅಳತೆ, ಅಶ್ವಶಕ್ತಿ) ಅಂತ ಯಾಕೆ ಬರೆದಿದ್ದಾರೆ ಅಂತ ಕೇಳಿದ್ದಿರಿ. ಮುಖ್ಯ ಕಾರಣ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನೋದು, ಇರಬೇಕು. ಜಪಾನಿನ 2 ಲೀಟರ್ ಎಂಜಿನ್‌ಗೆ (250 ಪಿಎಸ್) 11.7:1, ಯುರೋಪಿನದಕ್ಕೆ (240 ಪಿಎಸ್) 11.0:1, ಅಂದರೆ ಪಿಸ್ಟನ್ನೇ ಬೇರೆ.

ಮೊದಲು ಕಾರ್ಖಾನೆಯಲ್ಲೇ ಕಾರಿನ ಬಾಡಿ ಮೇಲೆ ಕೊರೆದ ಚಾಸಿ ನಂಬರಿನ ಫೋಟೊ ತರಿಸಿ. ಅದು 'ಎಪಿ1-' ಅಂತ ಶುರುವಾದರೆ ಜಪಾನಿನ ಕಾರು, ಒಟ್ಟು 17 ಅಕ್ಷರ, ಅಂಕಿ ಇದ್ದರೆ ಹೊರದೇಶಕ್ಕೆ ಮಾಡಿದ್ದು. 'ಎಪಿ2-' ಇದ್ದರೆ ಎಂಜಿನ್ 2.2 ಲೀಟರ್, ಲೆಕ್ಕವೇ ಬೇರೆ. ಆಮೇಲೆ ಎಂಜಿನ್ ಮೇಲಿನ ನಂಬರೂ ನೋಡಲಿ. ಹಳೇ ಕಾರು ಅಲ್ವಾ, ಎಂಜಿನ್ ಬದಲಾಗಿರಲೂಬಹುದು. ಪಿಸ್ಟನ್ ಬೇಕಾದರೆ ಈ ಎರಡೂ ನಂಬರ್ ಕೊಟ್ಟೇ ತರಿಸಲಿ, ಸುಮ್ನೆ ಪಿಎಸ್ ನೋಡಿ ಬೇಡ.

ಪೆಟ್ರೋಲಿಗೆ ನಮ್ಮ ಕಾರವಾರದ ಬಂಕಿನ ಸಾದಾ ಪೆಟ್ರೋಲಿನ ಲೆಕ್ಕ ಹಿಡಿಯಬೇಡಿ, ನ್ಯೂಜಿಲೆಂಡಿನಲ್ಲಿ 98 ಆಕ್ಟೇನಿನದು (ಎಂಜಿನ್ ನಾಕಿಂಗ್ ತಡೆಯುವ ಗುಣದ ಅಳತೆ) ಸಿಕ್ಕರೆ ಅದನ್ನೇ ಹಾಕಲಿ.