ಬೆಳಿಗ್ಗೆ ಸೆಲ್ಫ್ ಹೊಡೆಯದ ವ್ಯಾನು, ಘಾಟಿಯಲ್ಲಿ ಮೆತ್ತಗಾಗುವ ಬ್ರೇಕು

ಪ್ರಶ್ನೆ: ನಮ್ಮದು ಏಳು ಸೀಟಿನ ಹಳೇ ಪೆಟ್ರೋಲ್ ವ್ಯಾನ್. ಮನೆ ಸೋಮವಾರಪೇಟೆ ಹತ್ತಿರ, ಕಾಫಿ ತೋಟದ ಮಧ್ಯೆ. ಮಳೆ ಹಿಡಿದ ಮೇಲೆ ಬೆಳಿಗ್ಗೆ ಕೀ ತಿರುಗಿಸಿದರೆ ಬರೀ 'ಟಕ್ ಟಕ್' ಅನ್ನುತ್ತದೆ. ವೈಪರ್ ಹಾಕಿದರೆ ಹೆಡ್‌ಲೈಟ್ ಮಂಕಾಗುತ್ತದೆ. ಬ್ಯಾಟರಿ ಹಾಕಿಸಿ ಇನ್ನೂ ವರ್ಷ ಆಗಿಲ್ಲ. ಗ್ಯಾರೇಜಿನವರು ಡೈನಮೋ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಭಾಗ) ಬದಲಾಯಿಸಿ ಅಂತಿದ್ದಾರೆ. ಸಂಪಾಜೆ ಘಾಟಿ ಇಳಿಯುವಾಗ ಸುಟ್ಟ ವಾಸನೆ ಬಂದು ಬ್ರೇಕ್ ಪೆಡಲ್ ಮೆತ್ತಗಾಗುತ್ತದೆ. ಪಕ್ಕದ ಜಾರುವ ಬಾಗಿಲೂ ಸಿಕ್ಕಿಕೊಳ್ಳುತ್ತದೆ. ಏನು ಮಾಡಲಿ?

ಉತ್ತರ: ಮೊದಲು ಬ್ರೇಕ್. ಅದು ಸರಿಯಾಗುವ ತನಕ ದಯವಿಟ್ಟು ಮನೆಮಂದಿಯನ್ನು ಕೂರಿಸಿಕೊಂಡು ಘಾಟಿ ಇಳಿಯಬೇಡಿ.

ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ, ನಮ್ಮ ಕೊಡಗಿನ ಮಳೆಗಾಲದಲ್ಲಿ ತೇವಕ್ಕೇನು ಕಮ್ಮಿ. ಡಾಟ್ 3 ಅನ್ನುವ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ 205 ಡಿಗ್ರಿ ತನಕ ಕುದಿಯಬಾರದು, ಆದರೆ ನೀರು ಸೇರಿ ಹಳೆಯದಾದರೆ 140ರ ಆಸುಪಾಸಿಗೇ ಕುದಿಯಬಹುದು. ಸಂಪಾಜೆ ಘಾಟಿಯಲ್ಲಿ ಮಡಿಕೇರಿಯಿಂದ ಸುಳ್ಯದ ಕಡೆ ಹೋಗುವಾಗ ಹತ್ತಿರಹತ್ತಿರ ಸಾವಿರ ಮೀಟರ್ ಇಳಿಯುತ್ತೀರಿ. ಆ ದಾರಿಯುದ್ದಕ್ಕೂ ಪೆಡಲ್ ಮೇಲೆ ಕಾಲಿಟ್ಟೇ ಇದ್ದರೆ ಪ್ಯಾಡ್, ಡ್ರಮ್ ಕಾದು ಆಯಿಲ್ ಕುದಿಯುತ್ತದೆ, ಪೈಪಿನೊಳಗೆ ಆವಿ ತುಂಬುತ್ತದೆ, ಪೆಡಲ್ ಮೆತ್ತಗಾಗುತ್ತದೆ. ಆಯಿಲ್ ಪೂರ್ತಿ ತೆಗೆಸಿ ಹೊಸದು ಹಾಕಿಸಿ, ಆಮೇಲೆ ಎರಡು ವರ್ಷಕ್ಕೊಮ್ಮೆ ತಪ್ಪದೆ ಬದಲಾಯಿಸಿ. ಪ್ಯಾಡ್, ಲೈನರ್ ಎಷ್ಟು ಸವೆದಿದೆ ಅಂತಲೂ ನೋಡಿಸಿ. ವಾಸನೆ ಒಂದೇ ಚಕ್ರದಿಂದ ಬರುತ್ತಿದ್ದರೆ ಅಲ್ಲಿ ಬ್ರೇಕ್ ಬಿಡದೆ ಹಿಡಿದುಕೊಂಡಿರಬಹುದು.

ಘಾಟಿ ಹತ್ತಲು ಯಾವ ಗೇರ್ ಬೇಕೋ ಇಳಿಯುವಾಗಲೂ ಅದೇ ಗೇರಿನಲ್ಲಿರಿ. ಪೆಟ್ರೋಲ್ ಉಳಿಯುತ್ತೆ ಅಂತ ನ್ಯೂಟ್ರಲ್ ಮಾಡಲೇಬೇಡಿ. ದಾರಿಯಲ್ಲೇ ಪೆಡಲ್ ಮೆತ್ತಗಾದರೆ ಗೇರ್ ಇಳಿಸಿ, ಅಗಲ ಇರುವ ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ, ತಾನಾಗಿ ತಣಿಯಲಿ. ಕಾದ ಡ್ರಮ್ಮಿಗೆ ನೀರು ಸುರಿಯಬೇಡಿ, ಬಿರುಕು ಬಿಡಬಹುದು.

ಇನ್ನು ಸ್ಟಾರ್ಟಿಂಗ್. ಡೈನಮೋಗೆ ದುಡ್ಡು ಹಾಕುವ ಮೊದಲು ವೋಲ್ಟ್ ಅಳೆಯುವ ಒಂದು ಮೀಟರ್ ತಗೊಳ್ಳಿ. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ಹತ್ತಿರ ಇರಬೇಕು, ಎಂಜಿನ್ ಓಡುತ್ತಿರುವಾಗ 13.8ರಿಂದ 14.4. ಇಷ್ಟು ಬಂದರೆ ಡೈನಮೋ ಚಾರ್ಜ್ ಮಾಡುತ್ತಿದೆ, ಅದನ್ನು ಸುಮ್ನೆ ಬದಲಾಯಿಸಬೇಡಿ. ಸೆಲ್ಫ್ ಹೊಡೆಯುವಾಗ ಬ್ಯಾಟರಿ ತುದಿಯಲ್ಲೇ 9.6ಕ್ಕಿಂತ ಕೆಳಗೆ ಬಿದ್ದರೆ ಮಾತ್ರ ಬ್ಯಾಟರಿ ಮೇಲೆ ಅನುಮಾನ.

ನನ್ನ ಅನುಮಾನ ಜಾಸ್ತಿ ಇರುವುದು ಅರ್ಥ್ ಮೇಲೆ, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಬರುವ ದಾರಿಯ ಮೇಲೆ. ವೈಪರ್ ಹಾಕಿದ ತಕ್ಷಣ ಲೈಟ್ ಮಂಕಾಗುವುದು ಅದರ ಗುರುತು. ಬ್ಯಾಟರಿ ನೆಗೆಟಿವ್‌ನಿಂದ ಬಾಡಿಗೆ, ಎಂಜಿನ್ನಿಗೆ ಹೋಗುವ ದಪ್ಪ ತಂತಿ ಇದೆಯಲ್ವಾ, ಅದರ ಬೋಲ್ಟ್ ಬಿಚ್ಚಿ ನೋಡಿ. ಹೋದ ಮಳೆಗಾಲ ಗೋಣಿಕೊಪ್ಪದ ಒಂದು ಮನೆಯಲ್ಲಿ ಇಂಥದ್ದೇ ವ್ಯಾನ್ ನೋಡಿದೆ. ಮೇಲಿಂದ ತಂತಿ ಚೆನ್ನಾಗೇ ಕಾಣುತ್ತಿತ್ತು. ಬೋಲ್ಟ್ ತೆಗೆದರೆ ಉಂಗುರದ ಅಡಿಯಲ್ಲಿ ಹಸಿರು ಪುಡಿ, ಎಳೆಗಳಲ್ಲಿ ಅರ್ಧ ಕೈಯಲ್ಲೇ ಮುರಿದು ಬಂದವು. ಆ ಮನೆಯವರು ಅಷ್ಟರಲ್ಲಿ ಎರಡು ಬ್ಯಾಟರಿ ಕೊಂಡಿದ್ದರು. ನೋಡಿ ಬೇಜಾರಾಯಿತು.

ಒಬ್ಬರು ಸೆಲ್ಫ್ ಹೊಡೆಯಲಿ, ಮೀಟರಿನ ಒಂದು ಮೊನೆ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ನಿನ ಬರೀ ಲೋಹಕ್ಕೆ ಹಿಡಿಯಿರಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಕಳ್ಳ ಸಿಕ್ಕಿದ ಹಾಗೆ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಬ್ಯಾಟರಿ ತಂತಿ ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಅದೇ ಕೊನೆಗೆ. ಟರ್ಮಿನಲ್ ಮೇಲಿನ ಬಿಳಿ ಪುಡಿಯನ್ನು ಅಡುಗೆ ಸೋಡಾ ಕದಡಿದ ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಎಮರಿ ಪೇಪರ್‌ನಿಂದ ಲೋಹ ಹೊಳೆಯುವ ಹಾಗೆ ಉಜ್ಜಿ. ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಸವರಿ. ತಂತಿ ಹಳೆಯದಾಗಿದ್ದರೆ ಬದಲಾಯಿಸಿ, ಡೈನಮೋ ಬೆಲೆಯ ಮುಂದೆ ಅದು ಏನೂ ಅಲ್ಲ. ತೋಟದ ಮನೆ ಅಂದಿರಿ, ಇಲಿ ವೈರ್ ಕಡಿದಿದೆಯಾ ಅಂತ ಸೀಟಿನ ಕೆಳಗೂ ಟಾರ್ಚ್ ಹಾಕಿ ನೋಡಿ.

ಇಷ್ಟಾದರೂ 'ಟಕ್ ಟಕ್' ನಿಲ್ಲದಿದ್ದರೆ ಸೆಲ್ಫ್ ಮೋಟರ್ ಬಿಚ್ಚಿಸಿ ನೋಡಿಸಬೇಕು.

ಬಾಗಿಲಿನದು ಸಣ್ಣ ಕೆಲಸ. ಹಳಿಯೊಳಗೆ ಕೂತ ಕೆಸರನ್ನು ಹಳೇ ಬ್ರಷ್‌ನಿಂದ ತೆಗೆಯಿರಿ, ಗಟ್ಟಿ ಗ್ರೀಸ್ ಮೆತ್ತಬೇಡಿ, ಅದಕ್ಕೆ ಮತ್ತೆ ಮಣ್ಣು ಅಂಟುತ್ತದೆ. ತೆರೆದ ಬಾಗಿಲನ್ನು ಕೈಯಲ್ಲಿ ಎತ್ತಿದಾಗ ಅಲ್ಲಾಡಿದರೆ ರೋಲರ್ ಸವೆದಿದೆ, ಅದೊಂದನ್ನೇ ಹಾಕಿಸಿದರೆ ಸಾಕು.