ಮದ್ದು ಸೊಪ್ಪಿನ ಪಾಯಸ ತಿಂದ ಮರುದಿನ ಮೂತ್ರ ಕೆಂಪಾದರೆ

ಕೊಡವರ ಕಕ್ಕಡ ತಿಂಗಳ ಹದಿನೆಂಟರಂದು, ಅಂದರೆ ಆಗಸ್ಟ್ 3ರಂದು, ನೆರೆಮನೆಯಲ್ಲಿ ಮದ್ದು ಸೊಪ್ಪೆಂಬ ಔಷಧೀಯ ಎಲೆಯ ಪಾಯಸ ತಿಂದು ಮರುದಿನ ಬೆಳಿಗ್ಗೆ ಮೂತ್ರ ಕೆಂಪಾಗಿ ಹೋಯಿತೆಂದು ಬರೆದಿದ್ದೀರಿ. ಅದು ಬಹುಮಟ್ಟಿಗೆ ರಕ್ತವಲ್ಲ, ಸೊಪ್ಪಿನ ಬಣ್ಣ. ಎಲೆಯನ್ನು ಕುದಿಸಿದ ನೀರು ಕಡು ನೇರಳೆಯಾಗುತ್ತದೆ, ಅದರಲ್ಲಿ ಬೆಂದ ಅಕ್ಕಿಯ ಅಗುಳೂ ಅದೇ ಬಣ್ಣ ಹಿಡಿಯುತ್ತದೆ, ಕೊನೆಗೆ ಅದು ಮೂತ್ರದಲ್ಲಿಯೂ ಕಾಣಿಸಿಕೊಳ್ಳುತ್ತದೆ. ಕೊಡಗಿನಲ್ಲಿ ಇದಕ್ಕೆ ಯಾರೂ ಗಾಬರಿಯಾಗುವುದಿಲ್ಲ.

ಆದರೂ ನಿಮ್ಮನ್ನು ಪರೀಕ್ಷಿಸದೆ ಖಚಿತವಾಗಿ ಹೇಳಲಾಗದು. ಆದ್ದರಿಂದ ಮೊದಲು ಉಳಿದ ಪಾಯಸವನ್ನು ಬದಿಗಿಡಿ. ಮತ್ತೆ ತಿಂದರೆ ಬಣ್ಣ ಎಲ್ಲಿಂದ ಬಂತೆಂದು ತಿಳಿಯುವುದೇ ಇಲ್ಲ. ಬಳಿಕ ಧಾರಾಳವಾಗಿ ನೀರು ಕುಡಿದು, ಪ್ರತಿ ಬಾರಿಯೂ ಬಣ್ಣ ತಿಳಿಯಾಗುತ್ತಿದೆಯೇ ಎಂದು ಗಮನಿಸಿ. ಎರಡು ದಿನಗಳಲ್ಲಿ ತಿಳಿಯಾಗದಿದ್ದರೆ ವೈದ್ಯರಲ್ಲಿಗೆ ಹೋಗಿ, ಸೊಪ್ಪು ತಿಂದದ್ದನ್ನು ತಿಳಿಸಿ, ಮೂತ್ರ ಪರೀಕ್ಷೆ ಮಾಡಿಸಿ. ರಕ್ತಕಣಗಳಿದ್ದರೆ ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ. ಉರಿ, ಜ್ವರ, ಸೊಂಟದ ಪಕ್ಕದಲ್ಲಿ ನೋವು ಅಥವಾ ಹೆಪ್ಪುಗಟ್ಟಿದ ರಕ್ತ ಕಂಡರೆ, ಇಲ್ಲವೇ ನೀವು ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರಾಗಿದ್ದರೆ, ಕಾಯದೆ ಇಂದೇ ಹೋಗಿ.

ಕೆಂಪಾದರೆ ಮದ್ದು ಹಿಡಿಯಿತೆಂದೇ ಅರ್ಥ ಎಂದು ನೆರೆಯವರು ಹೇಳಿದ್ದನ್ನೂ ಕೇಳಿದ್ದೀರಿ. ಆ ದಿನ ಗಿಡದಲ್ಲಿ ಹದಿನೆಂಟು ಬಗೆಯ ಮದ್ದು ಕೂಡಿರುತ್ತದೆಂಬುದು ಇಲ್ಲಿನ ಹಳೆಯ ನಂಬಿಕೆ. ಅದನ್ನು ಗೌರವಿಸಿಯೇ ಹೇಳುತ್ತೇನೆ: ಬಣ್ಣ ಬಂದದ್ದು ಸೊಪ್ಪು ಹೊಟ್ಟೆ ಸೇರಿದ್ದಕ್ಕೆ ಸಾಕ್ಷಿಯೇ ಹೊರತು ರೋಗ ವಾಸಿಯಾದದ್ದಕ್ಕಲ್ಲ. ನೀವು ದಿನವೂ ಸೇವಿಸುವ ಔಷಧಿಯನ್ನು ಇದರ ಭರವಸೆಯಲ್ಲಿ ನಿಲ್ಲಿಸಬೇಡಿ.